ಕಾರಿನ ಶಬ್ದಕ್ಕೆ ಚಕ್ಕುಲಿ ಹರಕೆ

ಬೇರೆಯವರು ಗಣಪತಿಯನ್ನೋ ತಲೆ ಅಲ್ಲಾಡಿಸುವ ನಾಯಿಯನ್ನೋ ಇಡುವ ಜಾಗದಲ್ಲಿ, ಅಂದರೆ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಒಂದು ಪ್ಯಾಕೆಟ್ ಚಕ್ಕುಲಿ ಇದೆ. ಕಾರು ಹತ್ತಿದವರು ಯಾರೇ ಆಗಲಿ, ಬೆಲ್ಟ್ ಹಾಕುವ ಮೊದಲು ಕೈ ಹಾಕುವುದು ಅದಕ್ಕೆ. ನಾನು ಆ ಕೈಯ ಮೇಲೆ ಪಟ್ಟೆಂದು ಒಂದು ಕೊಡುತ್ತೇನೆ.

"ಒಂದು ಚಕ್ಕುಲಿಗೆ ಇಷ್ಟು ಕಂಜೂಸಾ ಮಾರಾಯಾ" ಎನ್ನುತ್ತಾರೆ.

ನಾನು ಜಿಪುಣನಲ್ಲ. ಬೇಕಾದರೆ ಇಳಿಯುವಾಗ ಗೋಳಿಬಜೆ ಕೊಡಿಸುತ್ತೇನೆ. ಆದರೆ ಆ ಚಕ್ಕುಲಿ ತಿನ್ನುವ ಚಕ್ಕುಲಿಯಲ್ಲ, ಅದು ಸ್ಟೆಪ್ನಿ. ನನ್ನ ಎಲೆಕ್ಟ್ರಿಕ್ ಕಾರಿಗೆ ಕಂಪೆನಿಯವರು ಸ್ಟೆಪ್ನಿ ಟಯರ್ ಕೊಟ್ಟಿಲ್ಲ, ಬದಲಿಗೆ ಪಂಕ್ಚರ್ ಮುಚ್ಚುವ ಒಂದು ಬಾಟಲಿ ಕೊಟ್ಟಿದ್ದಾರೆ. ಆ ಬಾಟಲಿಯ ಮೇಲೆ ನನಗೆ ಇಲ್ಲದ ನಂಬಿಕೆ ಈ ಚಕ್ಕುಲಿಯ ಮೇಲೆ ಇದೆ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ನಿಮಗೆ ಬೇರೆ ಕೆಲಸ ಇದ್ದ ಹಾಗೆ ಕಾಣುವುದಿಲ್ಲ, ಕೂತುಕೊಳ್ಳಿ.

ನಮ್ಮದು ಸಂಶಯದ ಮನೆತನ. ಬೋಳಾರದಲ್ಲಿ ಹೊಳೆಯ ಹತ್ತಿರ ಮನೆ, ತಲೆಮಾರುಗಳಿಂದ ಕಡಲಿಗೆ ಹೋಗುವವರು. ಮೀನಿನವರಿಗೆ ಸಂಶಯ ಅನ್ನುವುದು ಕೆಟ್ಟ ಗುಣವಲ್ಲ, ಕಸುಬು. ಅಮ್ಮ ಇಷ್ಟು ವರ್ಷ ಮೀನು ಮಾರಿದವಳು, ಆದರೂ ಮನೆಗೆ ಮೀನು ತರುವಾಗ ತನ್ನದೇ ಬುಟ್ಟಿಯ ಬಂಗುಡೆಯ ಕಿವಿರು ಎತ್ತಿ ನೋಡಿಯೇ ತರುವುದು. ಕಿವಿರು ಕೆಂಪಗಿದ್ದರೆ ತಾಜಾ, ಕಂದಾಗಿದ್ದರೆ ಹಳತು. ಈ ಅಭ್ಯಾಸ ಮೀನಿಗೆ ನಿಲ್ಲಲಿಲ್ಲ. ಹೊಟ್ಟೆನೋವೆಂದು ನಾನು ಶಾಲೆಗೆ ಚಕ್ಕರ್ ಹಾಕಲು ಹೊರಟರೆ ಅಮ್ಮ ನನ್ನ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಎತ್ತಿ, ಕಿವಿರು ನೋಡಿದ ಹಾಗೆ ನೋಡಿ, "ಹಳೇ ನಾಟಕ, ಹೋಗು" ಎನ್ನುತ್ತಿದ್ದಳು. ನನ್ನ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅದಕ್ಕೆ ಕಾರಣ ಇತ್ತು, ಈಗ ಬೇಡ.

ಒಮ್ಮೆ ನನಗೆ ನಿಜವಾಗಿ ಹಲ್ಲುನೋವು ಬಂತು. ಕೆನ್ನೆ ಹಿಡಿದುಕೊಂಡು ಅಮ್ಮನ ಜೊತೆ ಡಾಕ್ಟರ ಮೆಟ್ಟಿಲು ಹತ್ತಿದೆ. ಮೇಲಿನ ಮೆಟ್ಟಿಲಿಗೆ ತಲುಪುವಾಗ ನೋವು ಮಾಯ. ಡಾಕ್ಟರು ಬಾಯಿಯೊಳಗೆ ಕನ್ನಡಿ ಹಾಕಿ, ಹಲ್ಲಿಗೆ ಕುಟ್ಟಿ, "ಇಲ್ಲಿಯಾ? ಇಲ್ಲಿಯಾ?" ಎಂದು ಕೇಳಿದರು. ಎಲ್ಲಿಯೂ ಇಲ್ಲ. ಅಮ್ಮ ಡಾಕ್ಟರ ಹತ್ತಿರ ಕ್ಷಮೆ ಕೇಳಿ ನನ್ನನ್ನು ಎಳೆದುಕೊಂಡು ಹೊರಟಳು. ಜೆಪ್ಪು ಮಾರ್ಕೆಟ್ ದಾಟಿದ್ದೇ ತಡ, ನೋವು ಬಡ್ಡಿ ಸಮೇತ ವಾಪಸು ಬಂತು. ನಾನು ಬೊಬ್ಬೆ ಹಾಕಿದೆ. ಅಮ್ಮ ನಂಬಲಿಲ್ಲ. ಆ ದಿನ ಕಲಿತ ಪಾಠ ಇಷ್ಟು: ರೋಗ ಇರುವುದು ದೊಡ್ಡ ಸಂಗತಿಯಲ್ಲ, ತೋರಿಸಬೇಕಾದ ಜಾಗದಲ್ಲಿ ಅದು ತೋರಬೇಕು. ದೊಡ್ಡವನಾದ ಮೇಲೆ ಈ ಪಾಠ ಒಂದು ಕಾರಿನಿಂದಾಗಿ ಪುನಃ ಓದಬೇಕಾದೀತು ಎಂದು ಆಗ ಯಾರಿಗೆ ಗೊತ್ತು.

ನಾನು ಪಣಂಬೂರಿನಲ್ಲಿ ಹಡಗಿನ ಏಜೆಂಟರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಬೋಳಾರದಿಂದ ಪಣಂಬೂರಿಗೆ ಸಿಟಿ ಬಸ್ಸಿನಲ್ಲಿ ನೇತಾಡಿ ನೇತಾಡಿ ನನ್ನ ಒಂದು ಕೈ ಇನ್ನೊಂದಕ್ಕಿಂತ ಉದ್ದವಾಗಿದೆ ಎಂದು ನನಗೆ ಅನುಮಾನ. ಆದರೆ ಕಾರು ತೆಗೆದುಕೊಳ್ಳಲು ನಿಜವಾದ ಕಾರಣ ಅಮ್ಮನ ಮೊಣಕಾಲು. ಒಂದು ಮಳೆಗಾಲದಲ್ಲಿ ಬೋಟುಗಳು ಬಂದು ನಿಲ್ಲುವ ದಕ್ಕೆಯ ಪಾಚಿಯಲ್ಲಿ ಜಾರಿ ಬಿದ್ದಳು. ಆಮೇಲೆ ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಲು ಆಗುತ್ತಿರಲಿಲ್ಲ. ಮೀನು ಮಾರುವುದು ನಿಂತಿತು, ಪಣಂಬೂರಿನಲ್ಲಿರುವ ತನ್ನ ಅಕ್ಕನ, ಅಂದರೆ ನನ್ನ ದೊಡ್ಡಮ್ಮನ, ಮನೆಗೆ ಹೋಗುವುದು ನಿಂತಿತು. ಇಡೀ ದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತು, ರಸ್ತೆಯಲ್ಲಿ ಹೋಗುವವರ ಕಿವಿರು ಎತ್ತುವುದೇ ಕೆಲಸವಾಯಿತು. ಬೀದಿಯವರು ನಮ್ಮ ಮನೆ ಬಿಟ್ಟು ಆಚೆ ಓಣಿಯಿಂದ ಹೋಗಲು ಶುರು ಮಾಡಿದರು.

ಹಾಗಾಗಿ ನಾನು ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡಿದೆ. ಅಪ್ಪನಿಗೆ ಡೀಸೆಲ್ ಬೇಕಿತ್ತು. ಅವರು ಜೀವನ ಇಡೀ ಬೋಟಿನ ಡ್ರೈವರ್, ಎಂಜಿನ್ನಿನ ಪಕ್ಕದಲ್ಲಿಯೇ ಊಟ, ಪಕ್ಕದಲ್ಲಿಯೇ ನಿದ್ರೆ. ನಾನು ಮಂಡೆ ಬಿಸಿ ಮಾಡಿಕೊಂಡು ಭಾಷಣ ಮಾಡಿದೆ: ಶಬ್ದ ಇಲ್ಲ, ಹೊಗೆ ಇಲ್ಲ, ಎಣ್ಣೆ ಇಲ್ಲ. ಅಪ್ಪ ಎಲ್ಲ ಕೇಳಿ, "ಹಾಗಾದ್ರೆ ಎಂತ ಉಂಟು?" ಎಂದರು.

ಮೊದಲ ದಿನ ಅವರನ್ನು ಕೂರಿಸಿಕೊಂಡು ಹೊರಟೆ. ಮಂಗಳಾದೇವಿ ದೇವಸ್ಥಾನದ ಎದುರು ಬಂದಾಗಲೂ ಅವರು ಕೈಕಟ್ಟಿ ಕೂತು, "ಸ್ಟಾರ್ಟ್ ಮಾಡು ಮಾರಾಯ, ಎಷ್ಟು ಹೊತ್ತು" ಎನ್ನುತ್ತಿದ್ದರು.

"ಅಪ್ಪಾ, ನಾವು ಹೋಗ್ತಾ ಇದ್ದೇವೆ."

ಹೊರಗೆ ನೋಡಿದರು. ದೇವಸ್ಥಾನ ಹಿಂದೆ ಹೋಗುತ್ತಿತ್ತು. "ಶಬ್ದ ಇಲ್ಲದ ಎಂಜಿನನ್ನು ನಂಬ್ಲಿಕ್ಕೆ ಆಗ್ತದಾ? ಬೋಟಿನಲ್ಲಿ ಎಂಜಿನ್ ಶಬ್ದ ಮಾಡುವಷ್ಟು ಹೊತ್ತು ಎಲ್ಲರಿಗೂ ನಿದ್ರೆ. ಶಬ್ದ ನಿಂತಿತಾ, ಎಲ್ಲರೂ ಎದ್ದು ಕೂತ್ಕೊಳ್ತಾರೆ" ಎಂದರು. ಅವರು ಆ ಕಾರಿನಲ್ಲಿ ಒಮ್ಮೆಯೂ ತೂಕಡಿಸಲಿಲ್ಲ.

ಚಿಕ್ಕವನಿದ್ದಾಗ ನನಗೂ ಶಬ್ದದ ಹುಚ್ಚು ಇತ್ತು. ದಕ್ಕೆಯಲ್ಲಿ ನಿಂತು, ಕಣ್ಣು ಮುಚ್ಚಿ, ದೂರದಿಂದ ಬರುವ ಬೋಟಿನ ಶಬ್ದ ಕೇಳಿ ಯಾರ ಬೋಟು ಎಂದು ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಕಣ್ಣು ಮುಚ್ಚಿಕೊಂಡೇ "ನಮ್ಮದು" ಎಂದು ಓಡಿ, ಕಾಫಿಯ ಫ್ಲಾಸ್ಕನ್ನು ಮೇಲೆತ್ತಿ ಹಿಡಿದು, ಇಳಿದವರ ಸೊಂಟ ಅಪ್ಪಿಕೊಂಡೆ. ಅದು ಅಪ್ಪನ ಬೋಟಲ್ಲ. ಸೊಂಟವೂ ಅಪ್ಪನದಲ್ಲ. ಆ ಮನುಷ್ಯ ಕಾಫಿ ಮಾತ್ರ ಪೂರ್ತಿ ಕುಡಿದು ಹೋದ. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಕಿವಿಯ ವಿಚಾರದಲ್ಲಿ ನನ್ನ ಮಾತಿಗೆ ನಮ್ಮ ಮನೆಯಲ್ಲಿ ಕವಡೆ ಕಾಸಿನ ಬೆಲೆ ಇಲ್ಲ.

ಶಬ್ದವನ್ನು ಮೊದಲು ಹಿಡಿದದ್ದು ಅಮ್ಮ. ಭಾನುವಾರ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆವು. ಕೂಳೂರು ಹೊಳೆ ದಾಟುವ ಸಂಕದ ಹತ್ತಿರ ಕಾರಿನ ವೇಗ ಇಳಿಸಿದಾಗ ಹಿಂದಿನ ಸೀಟಿನಿಂದ ಕೇಳಿದಳು, "ಮಗಾ, ಈ ಕಾರು ಅಳ್ತಾ ಉಂಟಾ?"

ನನಗೆ ಅದು ಒಂದು ವಾರದಿಂದ ಕೇಳುತ್ತಿತ್ತು. ಕಿವಿಯ ಹತ್ತಿರ ಸೊಳ್ಳೆ ಬಂದು ಹೋದ ಹಾಗೆ, ಕುಂಯ್ ಎಂದು ಎದ್ದು, ತೆಳ್ಳಗಾಗಿ ಸಾಯುವ ಶಬ್ದ. ಆದರೆ ಶಬ್ದ ಇಲ್ಲ ಎಂದು ಭಾಷಣ ಬಿಗಿದು ತಂದ ಕಾರು. ಒಪ್ಪಿಕೊಳ್ಳಲು ಆಗುತ್ತದಾ?

"ಎಸಿಯ ಶಬ್ದ ಅಮ್ಮಾ."

ಅಮ್ಮ ಮುಂದೆ ಬಾಗಿ ಎಸಿ ಆಫ್ ಮಾಡಿದಳು. ಕುಂಯ್.

"ಹಾಗಾದ್ರೆ ಟಯರ್."

"ಟಯರ್ ಅಳ್ತದಾ?"

"ರಸ್ತೆ ಸರಿ ಇಲ್ಲ."

"ರಸ್ತೆ ಸರಿ ಇದ್ದದ್ದು ಯಾವಾಗ?"

"ಎಲೆಕ್ಟ್ರಿಕ್ ಕಾರು ಅಂದ್ರೆ ಸ್ವಲ್ಪ ಹಾಗೆ ಇರ್ತದೆ ಅಮ್ಮಾ, ಅದು ನಾರ್ಮಲ್."

ಕನ್ನಡಿಯಲ್ಲಿ ನೋಡಿದೆ. ನನ್ನ ಹಿಂದಲೆಯ ಕಿವಿರು ಎತ್ತುತ್ತಿದ್ದಳು.

ಮಳೆಗಾಲ ಶುರುವಾಯಿತು, ಬೋಟುಗಳಿಗೆ ಎರಡು ತಿಂಗಳು ರಜೆ. ಅಪ್ಪ ಮನೆಗೆ ಬಂದರು. ಅಮ್ಮ ವಿಷಯ ಮುಟ್ಟಿಸಿದಳು. ಅಪ್ಪ ಕಾರಿನಲ್ಲಿ ಕೂತು ಊರೆಲ್ಲ ಸುತ್ತಿ ಬಂದು, "ನನಗೆ ಎಂತದೂ ಕೇಳುವುದಿಲ್ಲ" ಎಂದರು. ಅಷ್ಟು ವರ್ಷ ಎಂಜಿನ್ ಪಕ್ಕದಲ್ಲಿ ಮಲಗಿದ ಕಿವಿಗೆ ತೆಳ್ಳಗಿನ ಶಬ್ದ ತಾಗುವುದಿಲ್ಲ. ಕುಕ್ಕರಿನ ಸೀಟಿ ಕೇಳುವುದಿಲ್ಲ, ಅಮ್ಮ ಅಂಗಡಿಗೆ ಹೋಗಲು ಹೇಳಿದ್ದು ಕೇಳುವುದಿಲ್ಲ. ಎರಡನೆಯದು ಕಿವಿಯ ದೋಷವಾ, ಗುಣವಾ ಎಂದು ಅಮ್ಮನಿಗೆ ಮೊದಲಿನಿಂದಲೂ ಅನುಮಾನ ಇದೆ.

ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅಪ್ಪ ಹೇಳಿದರು, "ಆದ್ರೆ ಇವಳಿಗೆ ಕೇಳ್ತದೆ ಅಂದ್ರೆ ಉಂಟು. ದಕ್ಕೆಯಲ್ಲಿ ನಾನು ಎಂತ ಮಾತಾಡಿದೆ ಅಂತ ಇವಳಿಗೆ ಮನೆಯಲ್ಲಿ ಕೂತು ಕೇಳ್ತದೆ. ಹೊಸ ಮೋಟರಿಗೆ ಎಷ್ಟು?"

ನಾನು ಬಾಯಿಯೊಳಗೇ ಬೆಲೆ ಹೇಳಿದೆ. ಅದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. "ನೋಡು, ರಜೆ ಮುಗಿದು ನಾನು ಕಡಲಿಗೆ ಹೋಗುವ ಮೊದಲು ಇದು ಸರಿ ಆಗ್ಬೇಕು. ಇಲ್ಲದಿದ್ರೆ ಕಾರು ಮಾರಿಬಿಡುವ. ನಾನು ಅಲ್ಲಿ ಕಡಲಿನಲ್ಲಿ, ನೀವಿಬ್ಬರು ಇಲ್ಲಿ ಸಂಕದ ಮೇಲೆ ನಿಂತುಬಿಟ್ಟದ್ದು, ಅದು ನನಗೆ ಬೇಡ" ಎಂದರು.

ಅಮ್ಮ ಒಳಗೆ ಹೋದಳು. ಕಿಟಕಿಯ ಹತ್ತಿರದ ಕುರ್ಚಿಯನ್ನು ಯಾರೂ ನೋಡದಿದ್ದರೂ ಅದು ನಮ್ಮೆಲ್ಲರನ್ನೂ ನೋಡುತ್ತಿತ್ತು.

ಕಾಗದ ತೆಗೆದು ನೋಡಿದರೆ ಮೋಟರಿಗೆ ಇನ್ನೂ ವಾರಂಟಿ ಇತ್ತು. ಆದರೆ ಅದು ಮುಗಿಯುವುದೂ ರಜೆ ಮುಗಿಯುವ ಹೊತ್ತಿಗೇ. ಕಾರು ಮಾರಿದವರು ಒಬ್ಬ ಹಲ್ಲಿನ ಡಾಕ್ಟರು. ಕೀಲಿ ಕೊಡುವಾಗ ಬಹಳ ಚಂದ ನಕ್ಕಿದ್ದರು. ಆ ನಗು ಈಗ ನೆನಪಿಗೆ ಬಂದು ಕಚ್ಚತೊಡಗಿತು. ಹಲ್ಲಿನ ಡಾಕ್ಟರು ಸುಮ್ಮನೆ ನಗುವುದುಂಟಾ?

ಸರ್ವಿಸ್ ಸೆಂಟರ್ ಹೆದ್ದಾರಿಯ ಬದಿಯ ಗಾಜಿನ ಕಟ್ಟಡ. ಅಲ್ಲಿ ನಮ್ಮನ್ನು ನೋಡಿಕೊಂಡವನು ಲೋಹಿತ್, ನನ್ನದೇ ಪ್ರಾಯದ ಹುಡುಗ, ಕುತ್ತಿಗೆಗೆ ಟೈ. ಅಮ್ಮನೂ ಬಂದಿದ್ದಳು. ಅವನು ನಮಗೆ ತಣ್ಣಗಿನ ನೀರು ಕೊಟ್ಟ. ನನಗೆ ಅಲ್ಲಿಯೇ ಅನುಮಾನ ಬಂತು, ಕೆಲಸ ಮಾಡಿಕೊಡುವವರು ನೀರು ಕೊಡುವುದನ್ನು ನಾನು ನೋಡಿಲ್ಲ. ಲೋಹಿತ್ ಕಾರನ್ನು ಒಂದು ಸುತ್ತು ಓಡಿಸಿ ಬಂದ. ಹೊರಗೆ ಧೋ ಎಂದು ಮಳೆ. ಆ ಮಳೆಯಲ್ಲಿ ತಗಡಿನ ಮೇಲೆ ಬ್ಯಾಂಡ್‌ಸೆಟ್ ಬಾರಿಸಿದರೂ ಕೇಳುತ್ತಿರಲಿಲ್ಲ.

"ಅದು ಎಸಿಯ ಶಬ್ದ ಸರ್" ಎಂದ.

"ಎಸಿ ಆಫ್ ಮಾಡಿದ್ರೂ ಬರ್ತದೆ."

"ಹಾಗಾದ್ರೆ ಟಯರ್ ನಾಯ್ಸ್ ಇರ್ಬೇಕು."

"ಟಯರ್ ಅಲ್ಲ."

"ರಸ್ತೆ ಕೂಡ ಸರಿ ಇಲ್ಲ ಅಲ್ವಾ ಸರ್. ಎಲೆಕ್ಟ್ರಿಕ್ ಗಾಡಿಯಲ್ಲಿ ಸ್ವಲ್ಪ ಇರ್ತದೆ. ಅದು ನಾರ್ಮಲ್."

ನಾನು ದಂಗಾದೆ. ನನ್ನದೇ ಮಾತು, ನನ್ನದೇ ಕ್ರಮದಲ್ಲಿ. ಒಂದೋ ಇವನು ಆ ಭಾನುವಾರ ನಮ್ಮ ಡಿಕ್ಕಿಯಲ್ಲಿ ಅಡಗಿ ಕೂತಿರಬೇಕು, ಇಲ್ಲ ಸುಳ್ಳು ಹೇಳುವವರಿಗೆಲ್ಲ ಎಲ್ಲೋ ಒಂದೇ ಕಡೆ ತರಬೇತಿ ಕೊಡುತ್ತಿರಬೇಕು. ಅಮ್ಮ ನನ್ನನ್ನು ಮೊಣಕೈಯಲ್ಲಿ ತಿವಿದು, "ನಿನ್ನ ತಮ್ಮನಾ?" ಎಂದಳು.

ಲೋಹಿತ್ ನಿಯಮ ಹೇಳಿದ. ಟೆಸ್ಟ್ ಡ್ರೈವಿನಲ್ಲಿ ಅವನ ಕಿವಿಗೆ ಶಬ್ದ ಕೇಳಬೇಕು. ಕೇಳಿದರೆ ಕ್ಲೇಮ್ ಹಾಕಬಹುದು. ಕೇಳದಿದ್ದರೆ ಗ್ರಾಹಕರ ಕಿವಿಯನ್ನು ನಂಬಿ ಕಂಪೆನಿ ಮೋಟರ್ ಕಳಿಸುವುದಿಲ್ಲ. ಅದೂ ಸರಿಯೇ. ನನ್ನ ಕಿವಿಯನ್ನು ನನ್ನ ಮನೆಯವರೇ ನಂಬುವುದಿಲ್ಲ.

ಮುಂದಿನ ಸಲ ಜಾಣತನ ಮಾಡಿ ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಂಡು ಹೋದೆ. ಶಬ್ದ ಚೆನ್ನಾಗಿ ಬಂದ ದಿನ ಹಿಡಿದದ್ದು. ಆದರೆ ಹೋಗುವ ಮೊದಲು ಒಮ್ಮೆ ಕೇಳಿ ನೋಡಬೇಕು ಅನ್ನುವಷ್ಟು ಬುದ್ಧಿ ನನಗೆ ದೇವರು ಕೊಟ್ಟಿಲ್ಲ. ಲೋಹಿತನ ಮೇಜಿನ ಮೇಲೆ ಫೋನ್ ಇಟ್ಟು ಒತ್ತಿದೆ. ಅದರಿಂದ ಅಮ್ಮನ ದನಿ ಹೊರಟಿತು. ದೊಡ್ಡಮ್ಮನ ಸೊಸೆ ಮೀನುಸಾರಿಗೆ ಹುಳಿ ಹಾಕುವ ಕ್ರಮ ಸರಿಯಿಲ್ಲ ಎಂಬ ವಿಷಯ ಮೊದಲು ಬಂತು. ಆಮೇಲೆ, ಇನ್ನೂ ಸ್ಪಷ್ಟವಾಗಿ, "ಆ ಸರ್ವಿಸಿನ ಹುಡುಗ ಉಂಟಲ್ಲ, ಅವನ ಮುಖ ನೋಡಿದ್ರೇ ಗೊತ್ತಾಗ್ತದೆ, ಐಸಿನಲ್ಲಿ ಇಟ್ಟ ಹಳೇ ಬೂತಾಯಿ ಮೀನು" ಎಂಬುದು ಬಂತು.

ನಾನು ಫೋನಿನ ಮೇಲೆ ಬಿದ್ದೆ. ಗಡಿಬಿಡಿಯಲ್ಲಿ ನಿಲ್ಲಿಸುವ ಬದಲು ವಾಲ್ಯೂಮ್ ಹೆಚ್ಚು ಮಾಡಿದೆ. ಪಕ್ಕದ ಮೇಜಿನವರೂ ಬೂತಾಯಿಯನ್ನು ಕೇಳಿದರು.

ಲೋಹಿತ್ ಟೈ ಸರಿ ಮಾಡಿಕೊಂಡ. "ಸರ್, ಮೋಟರಿನ ಶಬ್ದ ಕೇಳ್ಳಿಲ್ಲ. ಉಳಿದದ್ದೆಲ್ಲ ಕೇಳಿತು. ಮತ್ತೆ, ರೆಕಾರ್ಡಿಂಗ್ ಆಗುವುದಿಲ್ಲ ಸರ್. ಬೇರೆ ಗಾಡಿಯ ಶಬ್ದ ತರುವವರು ಉಂಟು."

ಅವನಿಗೆ ನನ್ನ ಮೇಲೆ ಸಂಶಯ. ನನಗೆ ಅವನ ಮೇಲೆ ಸಂಶಯ. ಒಂದು ರೀತಿಯಲ್ಲಿ ನಮ್ಮ ಜಾತಕ ಚೆನ್ನಾಗಿ ಕೂಡಿಬಂದಿತ್ತು. "ಮಳೆ ಇಲ್ಲದ ದಿನ ತನ್ನಿ, ನಾನೇ ದೂರ ಓಡಿಸಿ ನೋಡ್ತೇನೆ" ಎಂದ.

ಮಳೆ ಇಲ್ಲದ ದಿನವೂ ಬಂತು. ಮಳೆ ಬಿಡದೆ ಸುರಿಯುವ ಆಟಿ ತಿಂಗಳಿನಲ್ಲಿ ನಮ್ಮ ಊರಿಗೆ ಅಂಥ ದಿನ ಬರುವುದೇ ಒಂದು ಉಪಕಾರ. ಲೋಹಿತನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಕೊಟ್ಟಾರದ ತನಕ ಹೋದೆವು, ವಾಪಸು ಬಂದೆವು. ಕಾರು ತುಟಿ ಬಿಚ್ಚಲಿಲ್ಲ. ವೇಗ ಏರಿಸಿದ, ಇಳಿಸಿದ, ಕಾಲು ತೆಗೆದ, ಒತ್ತಿದ. ಹೊಸ ಮದುಮಗಳ ಹಾಗೆ ಗಪ್‌ಚಿಪ್. ನನಗೆ ಚಿಕ್ಕಂದಿನಲ್ಲಿ ಹತ್ತಿದ ಆ ಹಲ್ಲಿನ ಡಾಕ್ಟರ ಮೆಟ್ಟಿಲು ನೆನಪಾಯಿತು. ಜೆಪ್ಪು ಮಾರ್ಕೆಟ್ ದಾಟಿದ ಮೇಲೆ ಶುರು ಮಾಡುತ್ತದೆ ನೋಡಿ ಎಂದುಕೊಂಡು ಮನೆ ಕಡೆ ಹೊರಟೆ. ಜೆಪ್ಪು ದಾಟಿತು. ಶಬ್ದ ಇಲ್ಲ. ಮರುದಿನ ಇಲ್ಲ. ಅದರ ಮರುದಿನವೂ ಇಲ್ಲ.

ಸಂತೋಷಪಡಬೇಕಿತ್ತು. ನಾನು ಮತ್ತಷ್ಟು ಹೆದರಿದೆ. ಅದಕ್ಕಿಂತ ವಿಚಿತ್ರ, ಅಮ್ಮ ಬಹಳ ಸಮಾಧಾನದಲ್ಲಿದ್ದಳು. ಕಾರಿನ ಸುದ್ದಿಯೇ ಎತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರು ಸಮಾಧಾನದಲ್ಲಿದ್ದಾರೆ ಎಂದರೆ ಏನೋ ನಡೆದಿದೆ ಎಂದೇ ಅರ್ಥ. ಒಂದು ಸಂಜೆ ತಿನ್ನಲು ಏನಾದರೂ ಸಿಗುತ್ತದಾ ಎಂದು ಅಡುಗೆಮನೆಯಲ್ಲಿ ಡಬ್ಬಿಗಳನ್ನು ಅಗೆಯುವಾಗ, ಅಕ್ಕಿಯ ಡಬ್ಬದೊಳಗೆ ಒಂದು ಪ್ಯಾಕೆಟ್ ಚಕ್ಕುಲಿ, ಜೊತೆಗೆ ವೀಳ್ಯದೆಲೆ ಅಡಿಕೆ ಸಿಕ್ಕಿತು.

"ಅದಕ್ಕೆ ಕೈ ಹಾಕ್ಬೇಡ" ಎಂದು ಅಮ್ಮನ ದನಿ ಹಿಂದಿನಿಂದ ಬಂತು.

"ಯಾರಿಗೆ ಇದು?"

"ಅಜ್ಜನಿಗೆ."

"ಎಂತ ಕಳೆದುಹೋಯ್ತು?"

"ಕಳೆದುಹೋಗ್ಲಿ ಅಂತಲೇ ಹೇಳ್ಕೊಂಡದ್ದು. ಆ ಶಬ್ದ."

ಹೊರಗಿನವರಿಗೆ ಹೇಳಬೇಕು, ಅಜ್ಜ ಎಂದರೆ ನಮ್ಮ ಕಡೆಯ ದೈವ, ಕೊರಗಜ್ಜ. ಸರ ಕಳೆದುಹೋದರೆ, ದನ ತಪ್ಪಿಸಿಕೊಂಡರೆ, ಪಾಸ್‌ಪೋರ್ಟ್ ಎಲ್ಲಿಟ್ಟದ್ದೆಂದು ಮರೆತುಹೋದರೆ ನಾವು ಮೊದಲು ಹುಡುಕುವುದಿಲ್ಲ, ಅಜ್ಜನಿಗೆ ಹೇಳುತ್ತೇವೆ. ಕೆಲಸ ಆದರೆ ವೀಳ್ಯದೆಲೆ, ಚಕ್ಕುಲಿ ಇಡುತ್ತೇವೆ. ಅಜ್ಜ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಕೊಡುತ್ತಾರೆ, ಅದರಲ್ಲಿ ನಮಗೆ ಸಂಶಯ ಇಲ್ಲ. ನಮ್ಮ ಮನೆಯವರು ಜಗತ್ತಿನಲ್ಲಿ ಕಿವಿರು ಎತ್ತಿ ನೋಡದ ಒಂದೇ ಜಾಗ ಅದು.

"ಅಮ್ಮಾ, ಶಬ್ದ ನಿಲ್ಲಿಸ್ಲಿಕ್ಕೆ ಯಾಕೆ ಹೇಳಿದ್ದು? ಅದು ಅವನಿಗೆ ಕೇಳ್ಬೇಕಿತ್ತಲ್ಲ. ಕೇಳಿದ್ರೆ ತಾನೆ ಹೊಸ ಮೋಟರು?"

"ಶಬ್ದ ಉಂಟು ಅಂತ ನಿನ್ನ ಅಪ್ಪ ಕಾರು ಕೊಡ್ಲಿಕ್ಕೆ ಹೊರಟದ್ದಲ್ವಾ? ಶಬ್ದವೇ ಇಲ್ಲದಿದ್ರೆ ಕೊಡ್ಲಿಕ್ಕುಂಟಾ?" ಎಂದಳು. ಆಮೇಲೆ ಅಕ್ಕಿಯೊಳಗೆ ಕೈಯಾಡಿಸುತ್ತಾ, "ನನಗೆ ಪುನಃ ಆ ಕಿಟಕಿಯ ಹತ್ತಿರ ಕೂರ್ಲಿಕ್ಕೆ ಆಗುವುದಿಲ್ಲ ಮಗಾ" ಎಂದಳು.

ನಾನು ಚಕ್ಕುಲಿಯನ್ನು ಅಕ್ಕಿಯೊಳಗೆ ವಾಪಸು ಇಟ್ಟೆ.

ಅಪ್ಪನಿಗೆ ವಿಷಯ ಹೇಳಲೇಬೇಕಾಯಿತು. ಅವರು ಜಗಲಿಯಲ್ಲಿ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಪೂರ್ತಿ ಕೇಳಿ, "ನಿಂತದ್ದು ಶಬ್ದವಾ, ರೋಗವಾ?" ಎಂದರು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. "ಅದು ಗೊತ್ತಿಲ್ಲದೆ ನಾನು ಬೋಟು ಹತ್ತುವುದಿಲ್ಲ. ಇವಳು ಈ ಕಾಲು ಇಟ್ಕೊಂಡು ಸಂಕದ ಮೇಲೆ ಇಳಿದು ನಡೀಲಿಕ್ಕುಂಟಾ?"

"ಹಾಗಾದ್ರೆ ಶಬ್ದ ಪುನಃ ಬರ್ಬೇಕು" ಎಂದೆ.

"ಬರ್ಲಿ ಅಂತ ಹೇಳುವ" ಎಂದಳು ಅಮ್ಮ.

"ಒಮ್ಮೆ ನಿಲ್ಲಿಸು ಅಂತ, ಒಮ್ಮೆ ಹಾಕು ಅಂತ. ಅಜ್ಜ ಎಂತ ನಿನ್ನ ರೇಡಿಯೋವಾ?" ಎಂದರು ಅಪ್ಪ.

"ಮೊದಲಿನದ್ದಕ್ಕೆ ಕೊಟ್ಟು, ಮತ್ತೆ ಕೇಳುವುದು. ಮಾಡಿದ್ದಕ್ಕೆ ಕೊಡದೆ ಇನ್ನೊಂದು ಕೇಳುವ ಜನ ನಾವಲ್ಲ."

ಈ ಸಲ ಮಾತು ತಪ್ಪಬಾರದೆಂದು ಮೂವರೂ ಕೂತು ಯೋಚಿಸಿದೆವು. ವಕೀಲರು ಕೂಡ ಅಷ್ಟು ಯೋಚಿಸಲಿಕ್ಕಿಲ್ಲ. ಬರೀ ಶಬ್ದ ಬರಲಿ ಎಂದರೆ ಮನೆಯಲ್ಲಿ ಬಂದು ಅಲ್ಲಿ ಹೋಗಿ ನಿಂತೀತು. ಆದ್ದರಿಂದ ಆ ಹುಡುಗನ ಎದುರೇ ಬರಬೇಕು. "ಜೋರಾಗಿ" ಅಂತ ಸೇರಿಸುವ ಎಂದೆ ನಾನು. "ಬೇಡ, ಮೋಟರು ಒಡೆದುಹೋದ್ರೆ?" ಎಂದರು ಅಪ್ಪ. ಬೇರೆ ಹೊತ್ತಿನಲ್ಲಿ ಬಂದು ನಮಗೆ ಪಿರಿಪಿರಿ ಮಾಡುವುದು ಬೇಡ ಎಂದಳು ಅಮ್ಮ. ಕೊನೆಗೆ ಹತ್ತಿರದ ಅಜ್ಜನ ಕಟ್ಟೆಗೆ ಹೋಗಿ, ಹಳೆಯ ಹರಕೆಯ ಚಕ್ಕುಲಿ, ವೀಳ್ಯ ಇಟ್ಟು, ಅಮ್ಮ ಬಾಯಿಪಾಠ ಮಾಡಿಸಿದ್ದನ್ನು ನಾನು ಒಪ್ಪಿಸಿದೆ:

"ಅಜ್ಜಾ, ಲೋಹಿತ್ ಅನ್ನುವ ಆ ಸರ್ವಿಸಿನ ಹುಡುಗ ನಮ್ಮ ಕಾರಿನಲ್ಲಿ ಕೂತಾಗ ಶಬ್ದ ಬರ್ಲಿ. ಅವನ ಕಿವಿಗೆ ಕೇಳ್ಲಿ. ಬೇರೆ ಯಾರು ಕೂತಾಗಲೂ ಬೇಡ."

ಎಲ್ಲಿಯೂ ಸಂದಿಲ್ಲದ ಮಾತು ಎಂದು ನಮಗೆ ಹೆಮ್ಮೆಯಾಯಿತು.

ರಜೆ ಮುಗಿಯುತ್ತಾ ಬಂತು. ದಕ್ಕೆಯಲ್ಲಿ ಬೋಟುಗಳಿಗೆ ಬಣ್ಣ ಬಳಿದಾಯಿತು, ಐಸ್ ತುಂಬುವ ಮಾತು ಶುರುವಾಯಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಮೂವರೂ ಸರ್ವಿಸ್ ಸೆಂಟರಿಗೆ ಹೋದೆವು. ಲೋಹಿತ್ ನಮ್ಮ ಸೈನ್ಯ ನೋಡಿ ನೀರು ಕೊಡುವುದನ್ನೂ ಮರೆತ.

"ಸರ್, ಇದು ಲಾಸ್ಟ್. ಇವತ್ತು ಕೇಳದಿದ್ರೆ ನಾನು ನಾರ್ಮಲ್ ಅಂತ ಹಾಕಿ ಮುಗಿಸ್ತೇನೆ."

ಅವನು ಓಡಿಸಿದ. ಪಕ್ಕದಲ್ಲಿ ನಾನು, ಹಿಂದೆ ಅಪ್ಪ ಅಮ್ಮ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪನಿಗೆ ಹೇಗೂ ಕೇಳುವುದಿಲ್ಲ, ಆದ್ದರಿಂದ ಮುಂದೆ ಬಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಶಬ್ದ ಬಂದರೆ ನನ್ನ ಮುಖದಲ್ಲಿ ಕಾಣುತ್ತದೆ ಎಂದು ಅವರ ಲೆಕ್ಕ. ಕೊಟ್ಟಾರ ಚೌಕಿ ದಾಟಿತು. ಮೌನ. ಕೂಳೂರು ಬಂತು. ಮೌನ. ಲೋಹಿತ್ ಸಂಕದ ಆಚೆ ಹೋಗಿ ಕಾರು ತಿರುಗಿಸಿದ. ಅವನ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಸ್ಟಾರ್ಟ್ ಆಗಿತ್ತು. ವಾಪಸು ಸಂಕ ಇಳಿಯುವಾಗ ಒಂದು ಲಾರಿ ಅಡ್ಡ ಬಂತು, ಅವನು ಕಾಲು ತೆಗೆದ.

ಕುಂಯ್.

"ಬಂತು" ಎಂದು ನಾನು ಕೂಗಿದೆ. "ಅಜ್ಜಾ, ಬಂತು" ಎಂದು ಅಮ್ಮ ಇನ್ನೂ ದೊಡ್ಡದಾಗಿ ಕೂಗಿದಳು. "ಬಂತಾ? ಬಂತಾ?" ಎಂದು ಅಪ್ಪ ಇಬ್ಬರಿಗಿಂತ ದೊಡ್ಡದಾಗಿ, ಬೋಟಿನಿಂದ ಬೋಟಿಗೆ ಕರೆಯುವ ದನಿಯಲ್ಲಿ. "ಕೇಳಿತಲ್ಲ? ಈಗ ಕೇಳಿತಲ್ಲ?" ಎಂದು ನಾನು ಅವನ ಭುಜ ಅಲ್ಲಾಡಿಸಿದೆ.

"ಎಂತದೂ ಕೇಳ್ಳಿಲ್ಲ ಸರ್. ನೀವು ಬೊಬ್ಬೆ ಹಾಕ್ತಾ ಇದ್ದೀರಿ."

ಆ ಕ್ಷಣ ನಮ್ಮ ಮೂವರ ಮುಖ ನೀವು ನೋಡಬೇಕಿತ್ತು. ದೈವ ತನ್ನ ಕೆಲಸ ಮಾಡಿತ್ತು, ಅದರ ಮೇಲೆ ನಾವು ಕೂಗಿದ್ದೆವು. ಅಮ್ಮನ ಕಣ್ಣಿನಲ್ಲಿ ನೀರು ಬಂತು. ಲೋಹಿತ್ ಅದನ್ನು ಕನ್ನಡಿಯಲ್ಲಿ ನೋಡಿದ ಅಂತ ಕಾಣುತ್ತದೆ.

"ಆಂಟಿ, ಒಂದು ಸಲ ಎಲ್ಲರೂ ಸುಮ್ಮನೆ ಕೂತ್ಕೊಳ್ತೀರಾ? ಪುನಃ ಹೋಗುವ" ಎಂದು ಕಾರನ್ನು ಮತ್ತೆ ಸಂಕದ ಕಡೆ ತಿರುಗಿಸಿದ.

ನಮ್ಮ ಮನೆಯ ಚರಿತ್ರೆಯ ಮೊದಲ ಮೌನ ಅದು. ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಅಪ್ಪ ಉಸಿರು ಕಟ್ಟಿದರು. ಸಂಕ ಇಳಿಯುವಾಗ ಅವನು ಕಾಲು ತೆಗೆದ. ಕುಂಯ್ ಎಂದು ಎದ್ದಿತು, ಉದ್ದಕ್ಕೆ, ಚಂದಕ್ಕೆ, ನಾದಸ್ವರದವರು ಕೂಡ ತಲೆದೂಗುವ ಹಾಗೆ. ಲೋಹಿತನ ಕೈ ತಾನಾಗಿ ಎಸಿಯ ಹತ್ತಿರ ಹೋಯಿತು. ಆಫ್ ಮಾಡಿದ. ಕುಂಯ್. ಕಿಟಕಿ ಇಳಿಸಿ ಟಯರಿನ ಕಡೆ ಕಿವಿ ಕೊಟ್ಟ. ಕುಂಯ್. ನಾನು ಮಾತಾಡಲಿಲ್ಲ, ಮಾತಾಡದೆ ಇರುವುದರಲ್ಲಿ ಅಷ್ಟು ಸುಖ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಬೇರಿಂಗ್ ಇರ್ಬೇಕು ಸರ್" ಎಂದ ಕೊನೆಗೆ. "ಈ ಥಂಡಿಗೆ ಕೆಲವು ಸಲ ಬರ್ತದೆ, ಕೆಲವು ಸಲ ಹೋಗ್ತದೆ. ಹೀಗೇ ಬಿಟ್ರೆ ಒಂದು ದಿನ ದಾರಿಯಲ್ಲಿ ಕೈ ಕೊಡ್ತದೆ. ಮೋಟರೇ ಬದಲಾಯಿಸ್ಬೇಕಾಗ್ತದೆ. ಇವತ್ತೇ ಕ್ಲೇಮ್ ಹಾಕ್ತೇನೆ."

ಥಂಡಿಯಂತೆ. ಅಮ್ಮ ಹಿಂದೆ ಕೂತು ಸೆರಗಿನೊಳಗೆ ನಕ್ಕಳು.

ಹೊಸ ಮೋಟರ್ ಬಂತು. ಅಮ್ಮ ಬಾನೆಟ್ ತೆಗೆಸಿ, ಮೊಬೈಲಿನ ಟಾರ್ಚ್ ಹಾಕಿ, ಹಳೆಯದಕ್ಕೆ ಬಣ್ಣ ಬಳಿದು ಕೂರಿಸಿದ್ದಾ ಎಂದು ನೋಡಿದಳು. ಬಾಗಿ ಮೂಸಿದಳು ಕೂಡ. "ಹೊಸತೇ" ಎಂದು ತೀರ್ಪು ಕೊಟ್ಟು, ಲೋಹಿತನ ಕಡೆ ತಿರುಗಿ, "ನೀನು ಒಳ್ಳೆ ಹುಡುಗ ಮಗಾ, ಬೇಜಾರು ಮಾಡ್ಕೊಳ್ಬೇಡ" ಎಂದಳು. ಅವನು, "ಇಲ್ಲ ಆಂಟಿ, ಬೂತಾಯಿ ನನಗೂ ಇಷ್ಟವೇ" ಎಂದ. ಅಜ್ಜನಿಗೆ ಚಕ್ಕುಲಿ ಹೋಯಿತು. ಅಪ್ಪ ಕಡಲಿಗೆ ಹೋದರು. ಅಮ್ಮನಿಗೆ ಶುಕ್ರವಾರ ಮಂಗಳಾದೇವಿ, ಭಾನುವಾರ ದೊಡ್ಡಮ್ಮ. ಕಿಟಕಿಯ ಕುರ್ಚಿಯ ಮೇಲೆ ಈಗ ಒಗೆದ ಬಟ್ಟೆ ಕೂತಿರುತ್ತದೆ. ಬೀದಿಯ ಜನ ಪುನಃ ನಮ್ಮ ಮನೆಯ ಎದುರಿನಿಂದ ನಡೆಯುತ್ತಿದ್ದಾರೆ.

ಇಲ್ಲಿಗೆ ಮುಗಿಯಬೇಕಿತ್ತು.

ಕೆಲವು ವಾರಗಳ ನಂತರ, ಒಂದು ಭಾನುವಾರ ಸಂಜೆ ದೊಡ್ಡಮ್ಮನ ಮನೆಯಿಂದ ಬರುವಾಗ, ಕೊಟ್ಟಾರದ ಬಸ್ ಸ್ಟ್ಯಾಂಡಿನಲ್ಲಿ ಲೋಹಿತ್ ಒದ್ದೆಯಾಗಿ ನಿಂತಿದ್ದ. ಬೈಕು ಕೈಕೊಟ್ಟಿತ್ತು. ಅಮ್ಮನೇ, "ಪಾಪ, ಹತ್ತಿಸು" ಎಂದಳು. ಅವನು ನನ್ನ ಪಕ್ಕದಲ್ಲಿ ಕೂತ. ಮಳೆ ಹನಿಯುವುದು ನಿಂತಿತ್ತು. ನಾನು ಹೊರಟೆ, ಸ್ವಲ್ಪ ದೂರ ಹೋಗಿ ಸಿಗ್ನಲಿಗೆ ಕಾಲು ತೆಗೆದೆ.

ಕುಂಯ್.

ಲೋಹಿತ್ ತಲೆ ವಾರೆ ಮಾಡಿದ. "ಸರ್, ಎಂತದೋ ಶಬ್ದ ಬರ್ತಾ ಉಂಟಲ್ಲ?"

"ಎಸಿ" ಎಂದೆ.

"ಎಸಿ ಆಫ್ ಉಂಟು ಸರ್."

"ಹಾಗಾದ್ರೆ ಟಯರ್. ರಸ್ತೆ ಕೂಡ ಸರಿ ಇಲ್ಲ ಅಲ್ವಾ."

"ಇಲ್ಲ ಸರ್, ಇದು..."

"ಎಲೆಕ್ಟ್ರಿಕ್ ಗಾಡಿಯಲ್ಲಿ ಸ್ವಲ್ಪ ಇರ್ತದೆ ಲೋಹಿತ್. ಅದು ನಾರ್ಮಲ್."

ಅವನನ್ನು ಲೇಡಿಹಿಲ್‌ನಲ್ಲಿ ಇಳಿಸಿದೆ. ಅಲ್ಲಿಂದ ಬೋಳಾರದ ತನಕ ಕಾಲು ಒತ್ತಿ, ತೆಗೆದು, ಒತ್ತಿ, ತೆಗೆದು ನೋಡಿದೆ. ಕಾರು ಮೂಕ. ಮನೆಯ ಹತ್ತಿರ ಬಂದಾಗ ಅಮ್ಮ ಮೆಲ್ಲಗೆ ಕೇಳಿದಳು, "ಮಗಾ, ನಾವು ಒಂದೇ ಸಲ ಬರ್ಲಿ ಅಂತ ಹೇಳಿದ್ದೇವಾ?"

"ಇಲ್ಲ ಅಮ್ಮಾ. ಅವನು ಕೂತಾಗ ಅಂತ ಮಾತ್ರ ಹೇಳಿದ್ದು."



ಮರುದಿನವೇ ಮುಂದಿನ ಹರಕೆಯ ಚಕ್ಕುಲಿ ಬಂದು ಡ್ಯಾಶ್‌ಬೋರ್ಡಿನ ಮೇಲೆ ಕೂತಿತು. ಆದರೆ ಈ ಸಲ ಏನೆಂದು ಹೇಳಿಕೊಳ್ಳಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇನ್ನು ಯಾವತ್ತೂ ಶಬ್ದ ಬರಬಾರದು ಎಂದರೆ, ಹೊಸ ಮೋಟರಿಗೆ ನಿಜವಾಗಿ ರೋಗ ಬಂದರೂ ಅದು ಬಾಯಿ ಮುಚ್ಚಿಕೊಂಡೇ ಇರುತ್ತದೆ ಎಂದು ಅಮ್ಮನ ವಾದ. ಅಪ್ಪ ಕಡಲಿನಿಂದ ಬಂದಾಗಲೆಲ್ಲ ಒಂದು ಹೊಸ ತಿದ್ದುಪಡಿ ತರುತ್ತಾರೆ. ಲೋಹಿತ್ ಬೇರೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. "ಸರ್, ನನಗೆ ಒಂದು ಸಣ್ಣ ಡೌಟ್ ಉಂಟು, ಒಮ್ಮೆ ಗಾಡಿ ತನ್ನಿ, ನಾನೇ ಓಡಿಸಿ ನೋಡ್ತೇನೆ" ಎನ್ನುತ್ತಾನೆ. ಅವನ ದನಿಯಲ್ಲಿ ನಮ್ಮ ಮನೆಯವರ ಸಂಶಯ ಅಂಟಿಕೊಂಡಿದೆ. ಎಲ್ಲ ಸರಿ ಇದೆ ಎಂದು ಫೋನ್ ಇಡುತ್ತೇನೆ.

ಆದ್ದರಿಂದ ಮಹನೀಯರೇ, ನನ್ನ ಕಾರು ಹತ್ತಿದರೆ ಚಕ್ಕುಲಿಗೆ ಕೈ ಹಾಕಬೇಡಿ. ಮತ್ತೆ, ಹತ್ತುವ ಮೊದಲು ಒಮ್ಮೆ ನಿಮ್ಮ ಹೆಸರು ಹೇಳಿ. ಲೋಹಿತ್ ಎಂದಾದರೆ ರಿಕ್ಷಾ ಹಿಡಿಯುವುದು ಒಳ್ಳೆಯದು. ನೀವು ಆ ಲೋಹಿತ್ ಅಲ್ಲದೆ ಬೇರೆ ಲೋಹಿತ್ ಇರಬಹುದು, ಆದರೂ ನನಗೆ ಸಂಶಯ.